ಸಹಾಯ ಬೇಕು: ಹಾರ್ಡ್ ಡಿಸ್ಕ್ ಇಂಟರ್ನಲ್ಲಾ, ಎಕ್ಸ್‌ಟರ್ನಲ್ಲಾ?

ಎಲ್ಲರಿಗೂ ನಮಸ್ಕಾರ. ನನ್ನ ಡೆಸ್ಕ್‌ಟಾಪ್‌ನ 500 ಜಿಬಿ ಎಸ್‌ಎಸ್‌ಡಿ ತುಂಬಿ, ಸಿ ಡ್ರೈವ್ ಕೆಂಪು ಪಟ್ಟಿ ತೋರಿಸ್ತಿದೆ. ಫೋಟೊ, ವಿಡಿಯೊ ಇಡೋಕೆ 4 ಟಿಬಿ ಹಾರ್ಡ್ ಡಿಸ್ಕ್ ತಗೊಳ್ಬೇಕು. ಒಳಗೆ ಹಾಕಿಸೋದೋ, ಯುಎಸ್‌ಬಿಗೆ ಸಿಕ್ಕಿಸೋ ಎಕ್ಸ್‌ಟರ್ನಲ್ ತಗೊಳ್ಳೋದೋ ತೀರ್ಮಾನ ಆಗ್ತಿಲ್ಲ.

ಕ್ಯಾಬಿನೆಟ್ ಬಿಚ್ಚಿ ನೋಡಿದೆ. ಮದರ್‌ಬೋರ್ಡ್‌ನಲ್ಲಿ ಸಾಟಾ ಪೋರ್ಟ್ (ಒಳಗಿನ ಡಿಸ್ಕಿನ ಡೇಟಾ ಕೇಬಲ್ ಸಿಕ್ಕಿಸೋ ಜಾಗ) ಖಾಲಿ ಇದೆ, 3.5 ಇಂಚಿನ ಡಿಸ್ಕ್ ಕೂರೋ ಜಾಗವೂ ಇದೆ. ಆದ್ರೆ ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರ್‌ಗೆ ಕರೆಂಟ್ ಕೊಡೋ ಪೆಟ್ಟಿಗೆ) ಬರೋ ಸಾಟಾ ಪವರ್ ಕನೆಕ್ಟರ್ ಒಂದೂ ಉಳಿದಿಲ್ಲ, ನಾಲ್ಕು ಪಿನ್ನಿನ ಹಳೇ ಮಾದರಿ ಪವರ್ ಕನೆಕ್ಟರ್ ಮೋಲೆಕ್ಸ್ ಮಾತ್ರ ನೇತಾಡ್ತಿದೆ. ಅದಕ್ಕೆ ಸಾಟಾ ಪವರ್‌ಗೆ ಬದಲಿಸೋ ಕನ್ವರ್ಟರ್ ಹಾಕಿದ್ರೆ ನಡೆಯುತ್ತಾ? ಕಳಪೆ ಕನ್ವರ್ಟರ್‌ಗಳು ಶಾರ್ಟ್ ಆಗಿ ಸುಟ್ಟಿವೆ ಅಂತ ಓದಿದ ಮೇಲೆ ಧೈರ್ಯ ಸಾಲ್ತಿಲ್ಲ.

ವೇಗದ ಚಿಂತೆ ಇಲ್ಲ. ತಿರುಗೋ ಡಿಸ್ಕ್ ಸೆಕೆಂಡಿಗೆ 150-200 ಎಂಬಿ ಕೊಟ್ರೆ ಜಾಸ್ತಿ, ಯುಎಸ್‌ಬಿ 3.0ಗೆ ಅದೇನು ಲೆಕ್ಕ! ನನ್ನ ಅನುಮಾನ ಬೇರೆ. ಎಕ್ಸ್‌ಟರ್ನಲ್ ಡಿಸ್ಕನ್ನ ದಿನವಿಡೀ ಹಾಕೇ ಇಟ್ರೆ ಬಿಸಿಯಾಗಿ ಬೇಗ ಕೈಕೊಡುತ್ತಾ? ಕೆಲವು 2.5 ಇಂಚಿನವುಗಳಲ್ಲಿ ಯುಎಸ್‌ಬಿ ಪೋರ್ಟನ್ನ ಡಿಸ್ಕಿನ ಬೋರ್ಡಿಗೇ ಬೆಸೆದಿರ್ತಾರೆ. ಪೋರ್ಟ್ ಹೋದ್ರೆ ಡಿಸ್ಕ್ ಬಿಚ್ಚಿ ಸಾಟಾಗೆ ಹಾಕೋಕೂ ಬರಲ್ಲ. ಸ್ವಂತ ಅಡಾಪ್ಟರ್ ಇರೋ 3.5 ಇಂಚಿನ ಎಕ್ಸ್‌ಟರ್ನಲ್ ವಾಸಿನಾ?

ಬ್ಯಾಕಪ್‌ಗೆ ಬೇರೆ ಡಿಸ್ಕ್ ಇದೆ, ಆ ಉಪದೇಶ ಮಾತ್ರ ಬೇಡ 🙂 ಮೋಲೆಕ್ಸ್ ಕನ್ವರ್ಟರ್ ಬಳಸಿರೋರು ಯಾರಾದ್ರೂ ಇದ್ರೆ ದಯವಿಟ್ಟು ತಿಳಿಸಿ.