ಹೊಸ ಹೆಡ್‌ಲೈಟ್ ಹಾಕಿದ ಮೇಲೆ ಒಂದು ಕಡೆ ಬೆಳಕು ನೆಲಕ್ಕೇ ಬೀಳುತ್ತಿದೆ, ಸ್ಕ್ರೂ ತಿರುಗಿಸಿದರೂ ಅಲ್ಲಾಡುತ್ತಿಲ್ಲ

ರಾತ್ರಿಸವಾರಿ:
ಗೇಟಿಗೆ ತಾಗಿಸಿಕೊಂಡು ಎಡಗಡೆ ಹೆಡ್‌ಲೈಟ್ ಒಡೆದುಕೊಂಡೆ. ಇಡೀ ಸೆಟ್ ಹೊಸದು ತಂದು ನಾನೇ ಕೂರಿಸಿದೆ, ಬಲ್ಬು ಮತ್ತು ಹಿಂದಿನ ಲೆವೆಲಿಂಗ್ ಮೋಟರ್ (ಬೆಳಕನ್ನು ಮೇಲೆ ಕೆಳಗೆ ಮಾಡುವುದು) ಮಾತ್ರ ಹಳೆಯದರಿಂದ ಬಿಚ್ಚಿ ಹಾಕಿದ್ದು. ಹಗಲಲ್ಲಿ ನೋಡಿದರೆ ಎಲ್ಲಾ ಸರಿ. ರಾತ್ರಿ ಗಾಡಿ ತೆಗೆದಾಗ ಗೊತ್ತಾಯಿತು, ಬಲಗಡೆಯದು ದೂರಕ್ಕೆ ಹೋಗುತ್ತಿದೆ, ಎಡಗಡೆಯದು ಮೂರು ನಾಲ್ಕು ಮೀಟರಿಗೇ ನೆಲಕ್ಕೆ ಬಿದ್ದು ಮುಗಿಯುತ್ತಿದೆ. ಮೇಲೆ ಕೆಳಗೆ ಮಾಡುವ ಸ್ಕ್ರೂ ಹದಿನೈದು ಸುತ್ತಾದರೂ ತಿರುಗಿಸಿರಬೇಕು, ಕೂದಲೆಳೆಯಷ್ಟೂ ಕದಲಲಿಲ್ಲ. ಹೊಸ ಸೆಟ್ಟೇ ಕೆಟ್ಟಿದೆಯಾ?

ಹಳೇಡೀಸೆಲ್:
ಮೊದಲು ಬಲ್ಬು ನೋಡಿ. ಎಚ್4 ಅನ್ನುವ ನಮೂನೆಯದಾದರೆ ಅದಕ್ಕೆ ಮೂರು ಕಿವಿ ಇರುತ್ತದೆ, ಒಂದು ಮಾತ್ರ ಅಗಲ. ಅದು ತನ್ನ ಜಾಗದಲ್ಲಿ ಕೂರದಿದ್ದರೆ ಕ್ಲಿಪ್ ಹೇಗೋ ಬಿದ್ದುಬಿಡಬಹುದು, ಆದರೆ ಬೆಳಕು ಎಲ್ಲೆಲ್ಲಿಗೋ ಚೆಲ್ಲುತ್ತದೆ. ಗೋಡೆ ಮೇಲೆ ಡಿಪ್ (ತಗ್ಗಿಸಿದ) ಬೆಳಕಿನ ಮೇಲಂಚು ಗೆರೆ ಎಳೆದ ಹಾಗೆ ಕಾಣುತ್ತದಾ, ಇಲ್ಲಾ ಮಸುಕಾ? ಆಮೇಲೆ ಒಳಗಿನ ಲೆವೆಲ್ ಗುಂಡಿ 0ಯಲ್ಲಿದೆಯಾ?

ರಾತ್ರಿಸವಾರಿ:
ಗೆರೆ ಚೆನ್ನಾಗೇ ಕಾಣುತ್ತದೆ, ಇರುವುದೇ ತೀರಾ ಕೆಳಗೆ. ಗುಂಡಿ 0ಯಲ್ಲೇ ಇದೆ. ತಿರುಗಿಸಿದರೆ ಬಲಗಡೆ ಬೆಳಕು ಇಳಿಯುತ್ತದೆ, ಎಡಗಡೆ ಮೋಟರ್ ಗುಂಯ್ ಅನ್ನುತ್ತದೆ ಅಷ್ಟೇ. ಎಡಕ್ಕೆ ಬಲಕ್ಕೆ ಮಾಡುವ ಸ್ಕ್ರೂ ಮಾತ್ರ ಕೆಲಸ ಮಾಡುತ್ತಿದೆ.

ಫುಲ್‌ಬೀಮ್:
ಎಲ್‌ಇಡಿ ಬಲ್ಬು ಹಾಕಿ, ಬೆಳಕು ಜಾಸ್ತಿ ಬರುತ್ತದೆ.

ಹತ್ತರಸ್ಪ್ಯಾನರ್:
ಬೆಳಕು ಕಡಿಮೆ ಅಂತ ಅವರು ಹೇಳಲೇ ಇಲ್ಲವಲ್ಲ ಗುರು. ಹ್ಯಾಲೊಜೆನ್ ಬಲ್ಬಿಗೆಂದು ಮಾಡಿದ, ಬೆಳಕನ್ನು ಮುಂದಕ್ಕೆ ಎಸೆಯುವ ಹೊಳೆಯುವ ಬಟ್ಟಲು ಅಂದರೆ ರಿಫ್ಲೆಕ್ಟರ್‌ಗೆ ಸುಮ್ನೆ ಎಲ್‌ಇಡಿ ತುರುಕಿದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಬೇರೇನಿಲ್ಲ.

ರಾತ್ರಿಸವಾರಿ, ಮೋಟರ್ ಸದ್ದು ಇದೆ, ಬೆಳಕು ಅಲ್ಲಾಡಲ್ಲ ಅಂದರೆ ಸೆಟ್ ಕೆಟ್ಟಿಲ್ಲ. ಮೋಟರಿನ ಕಡ್ಡಿ ತುದಿಯಲ್ಲಿ ಒಂದು ಗುಂಡು ಇದೆ ಅಲ್ವಾ, ಅದು ರಿಫ್ಲೆಕ್ಟರ್ ಹಿಂದಿನ ಪ್ಲಾಸ್ಟಿಕ್ ಗೂಡಿನೊಳಗೆ ಟಕ್ ಅಂತ ಕೂರಬೇಕು. ನಿಮ್ಮದು ಕೂತಿಲ್ಲ. ಮೋಟರ್ ಹೊರಗೆ ಲಾಕ್ ಆಗಿದೆ, ಒಳಗೆ ರಿಫ್ಲೆಕ್ಟರ್ ಹಿಡಿತವಿಲ್ಲದೆ ಜೋತುಬಿದ್ದಿದೆ. ಎಷ್ಟೋ ಗಾಡಿಯಲ್ಲಿ ಆ ಸ್ಕ್ರೂ ತಳ್ಳುವುದೂ ಇದೇ ಕಡ್ಡಿಯನ್ನೇ, ಹಾಗಾಗಿ ಸ್ಕ್ರೂಗೂ ಅದು ಜಗ್ಗಲಿಲ್ಲ.

ಲೈಟ್ ಆರಿಸಿ, ಬಲ್ಬು ತಣ್ಣಗಾದ ಮೇಲೆ ತೆಗೆಯಿರಿ. ಮೋಟರ್ ಸ್ವಲ್ಪ ತಿರುಗಿಸಿದರೆ ಹೊರಗೆ ಬರುತ್ತದೆ. ಬಲ್ಬಿನ ತೂತಿನಿಂದ ಬೆರಳು ಹಾಕಿ ರಿಫ್ಲೆಕ್ಟರನ್ನು ಮೆಲ್ಲಗೆ ಹಿಂದಕ್ಕೆ, ಮೋಟರ್ ಕಡೆಗೆ ಎಳೆದು ಹಿಡಿದುಕೊಂಡೇ ಗುಂಡನ್ನು ಗೂಡಿಗೆ ಒತ್ತಿ. ಟಕ್ ಅಂದ ಮೇಲೆ ಮೋಟರ್ ತಿರುಗಿಸಿ ಲಾಕ್ ಮಾಡಿ. ಅಂಚು ಮಾತ್ರ ಹಿಡಿಯಿರಿ, ಹೊಳೆಯುವ ಕಡೆ ಬೆರಳು ತಾಗಿದರೆ ಆ ಕಲೆ ಸುಲಭಕ್ಕೆ ಹೋಗಲ್ಲ. ಬಲ್ಬಿನ ಗಾಜೂ ಮುಟ್ಟಬೇಡಿ.

ರಾತ್ರಿಸವಾರಿ:
ಅದೇ ಆಗಿತ್ತು! ಮೂರನೇ ಸಲಕ್ಕೆ ಟಕ್ ಅಂತು. ಆದರೆ ಆಗ ತಿರುಗಿಸಿದ್ದ ಹದಿನೈದು ಸುತ್ತಿನ ಫಲ ಈಗ ಕಾಣುತ್ತಿದೆ, ಬೆಳಕು ಮರದ ತುದಿ ನೋಡುತ್ತಿದೆ. ಬಲಗಡೆಯದರ ಮಟ್ಟಕ್ಕೆ ಇಳಿಸಿದರೆ ಸಾಕಾ?

ಹತ್ತರಸ್ಪ್ಯಾನರ್:
ಬೇಡ, ಬಲಗಡೆಯದೇ ತಪ್ಪಿದ್ದರೆ? ಅಳೆದೇ ಮಾಡಿ. ಟೈರಿನ ಗಾಳಿ ಸರಿ ಇರಲಿ, ಡಿಕ್ಕಿಯಲ್ಲಿ ಭಾರ ಇದ್ದರೆ ತೆಗೆಯಿರಿ, ಡ್ರೈವರ್ ಸೀಟಿನಲ್ಲಿ ಒಬ್ಬರನ್ನು ಕೂರಿಸಿ. ಸಮತಟ್ಟು ನೆಲದಲ್ಲಿ ಗೋಡೆಗೆ ನೇರವಾಗಿ, ಲೈಟಿನಿಂದ 5 ಮೀಟರ್ ದೂರಕ್ಕೆ ನಿಲ್ಲಿಸಿ. ನೆಲದಿಂದ ಬಲ್ಬಿನ ಮಧ್ಯಕ್ಕೆ ಎಷ್ಟು ಎತ್ತರವೋ ಗೋಡೆ ಮೇಲೆ ಅಷ್ಟಕ್ಕೆ ಟೇಪ್ ಅಂಟಿಸಿ. ಡಿಪ್ ಗೆರೆ ಅದಕ್ಕಿಂತ 5 ಸೆಂ.ಮೀ. ಕೆಳಗಿರಬೇಕು. ಅಂದರೆ ಶೇಕಡಾ 1 ಇಳಿಜಾರು, 70 ಸೆಂ.ಮೀ. ಎತ್ತರದ ಲೈಟ್ 70 ಮೀಟರ್ ತನಕ ಮುಟ್ಟುತ್ತದೆ. ಶೇಕಡಾ 2 ಆದರೆ ಬರೀ 35 ಮೀಟರ್. ಬಾನೆಟ್ ಒಳಗೋ ಲೈಟ್ ಮೇಲೋ ಬೇರೆ ಶೇಕಡಾ ಬರೆದಿದ್ದರೆ ಅದನ್ನೇ ಹಿಡಿಯಿರಿ. ಗೆರೆ ಒಂದು ಕಡೆ ಮೇಲಕ್ಕೆ ಏರುತ್ತದೆ, ಅದು ರಸ್ತೆ ಅಂಚಿನ ಕಡೆಗೇ ಇರಬೇಕು. ಎದುರು ಬರುವ ಗಾಡಿ ಕಡೆಗೆ ಏರಿದರೆ ಮಾತ್ರ ನಿಮಗೆ ತಪ್ಪು ಸೆಟ್ ಕೊಟ್ಟಿದ್ದಾರೆ ಅಂತ ಅರ್ಥ.

ರಾತ್ರಿಸವಾರಿ:
ಎಡಗಡೆಯದು 5 ಸೆಂ.ಮೀ.ಗೆ ಬಂತು, ಗೆರೆ ಅಂಚಿನ ಕಡೆಗೇ ಏರುತ್ತಿದೆ. ಬಲಗಡೆಯದು ಅಳೆದರೆ ಟೇಪಿಗಿಂತ ಬರೀ 1 ಸೆಂ.ಮೀ. ಕೆಳಗಿತ್ತು. ಎದುರಿನವರೆಲ್ಲ ನನಗೆ ಲೈಟ್ ಹೊಡೆದು ಹೋಗುತ್ತಿದ್ದದ್ದು ಇದಕ್ಕೇ ಅಂತ ಈಗ ಗೊತ್ತಾಯಿತು, ನಾನೋ ಅವರನ್ನೇ ಬೈದುಕೊಳ್ಳುತ್ತಿದ್ದೆ.