ದೊಡ್ಡಮ್ಮನ ನಡಿಗೆ: ಮನೆ ಗುಂಪಿನಲ್ಲಿ ಒಂದು ಫಾರ್ವರ್ಡ್ ಮೇಲೆ ನಡೆದ ಚರ್ಚೆ

ಬದಿಯಡ್ಕ ಅಪ್ಪಚ್ಚಿ: (ಹಲವು ಬಾರಿ ಫಾರ್ವರ್ಡ್ ಆಗಿದೆ) "ಕುಂಟುವುದು ರೋಗವಲ್ಲ, ಅಭ್ಯಾಸ. ಹಿಮ್ಮಡಿ ಮೊದಲು ಊರಿ. ದಿನಾ 10,000 ಹೆಜ್ಜೆ ಹಾಕಿ. ಕೋಲು ಹಿಡಿದರೆ ಕಾಲು ಸೋಮಾರಿಯಾಗುತ್ತದೆ. 21 ದಿನದಲ್ಲಿ ನಡಿಗೆ ನೇರವಾಗುತ್ತದೆ. ಹಿರಿಯರಿರುವ ಪ್ರತಿ ಮನೆಗೂ ಕಳಿಸಿ."

ಬದಿಯಡ್ಕ ಅಪ್ಪಚ್ಚಿ: ನೀರ್ಚಾಲಿನವರು ಓದಿ. ಮೊನ್ನೆ ಚೌತಿಗೆ ಬಂದಾಗ ನೋಡಿದೆ, ನನ್ನ ಅತ್ತಿಗೆ, ಅಂದರೆ ಉಪ್ಪಳದವಳ ದೊಡ್ಡಮ್ಮ, ವಾಲಿಕೊಂಡು ನಡೆಯುತ್ತಾರೆ. ದಿನಾ ತೋಟಕ್ಕೆ ಎರಡು ಸುತ್ತು ಹಾಕಿಸಿ.

ಪೆರ್ಲ ಅತ್ತೆ: ಒಳ್ಳೆ ಮಾಹಿತಿ 🙏

ನೀರ್ಚಾಲು ಅತ್ತಿಗೆ: ನಾವೂ ಹೇಳಿ ಹೇಳಿ ಸಾಕಾಯ್ತು ಅಪ್ಪಚ್ಚಿ. ನೆಟ್ಟಗೆ ನಡೀರಿ ಅಂದರೆ ಎರಡು ಹೆಜ್ಜೆ ನೆಟ್ಟಗೆ, ಮೂರನೆಯದು ಮತ್ತೆ ಹಾಗೇ. ಮಂಡಿ ನೋವು ಅನ್ನುತ್ತಾರೆ. ರಾತ್ರಿ ಮಂಡಿಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕುತ್ತಿದ್ದೇವೆ.

ಉಪ್ಪಳ ಅಕ್ಕ: ಅಪ್ಪಚ್ಚಿ, ಬೇಜಾರು ಮಾಡಬೇಡಿ. ಇದರಲ್ಲಿ ಬರೆದದ್ದನ್ನು ದೊಡ್ಡಮ್ಮನ ಮೇಲೆ ಪ್ರಯೋಗ ಮಾಡಬೇಡಿ. ಕುಂಟುವುದು ಅಭ್ಯಾಸ ಅನ್ನುವ ಮೊದಲ ಸಾಲೇ ತಪ್ಪು. ಯಾರೂ ಸುಮ್ನೆ ಕುಂಟುವುದಿಲ್ಲ.

ಬದಿಯಡ್ಕ ಅಪ್ಪಚ್ಚಿ: ನೀನು ಫಿಸಿಯೋ ಓದಿದವಳು, ಗೊತ್ತಿದೆ. ಆದರೆ ನಾವು ಸೂಟೆ ಬೆಳಕಲ್ಲಿ ಯಕ್ಷಗಾನ ಆಟ ನೋಡಲು ಕುಂಬಳೆಗೆ ನಡೆದು ಹೋದವರು. ಆಗ ಯಾರಿಗಿತ್ತು ಈ ಮಂಡಿ ನೋವು? ನಡೆಯದೆ ಕೂತದ್ದರಿಂದಲೇ ಎಲ್ಲ ಬಂದದ್ದು. ವಯಸ್ಸೂ ಆಯ್ತು.

ಉಪ್ಪಳ ಅಕ್ಕ: ನಡೆಯಬೇಕು ಅನ್ನುವುದಕ್ಕೆ ನನ್ನ ತಕರಾರೇ ಇಲ್ಲ. ಆದರೆ ವಯಸ್ಸಾದರೆ ನಡಿಗೆ ನಿಧಾನ ಆಗುತ್ತದೆ, ಹೆಜ್ಜೆ ಗಿಡ್ಡ ಆಗುತ್ತದೆ, ಎರಡೂ ಪಾದ ನೆಲದ ಮೇಲಿರುವ ಹೊತ್ತು ಜಾಸ್ತಿ ಆಗುತ್ತದೆ. ಅದು ಎರಡೂ ಕಾಲಿಗೆ ಹೆಚ್ಚುಕಮ್ಮಿ ಒಂದೇ ತರ ಆಗುತ್ತದೆ. ವಯಸ್ಸು ಬಲಗಾಲಿಗೆ ಮಾತ್ರ ಆಗುವುದಿಲ್ಲ ಅಪ್ಪಚ್ಚಿ. ಒಂದೇ ಕಡೆ ಬದಲಾದರೆ ಅದಕ್ಕೆ ಬೇರೆ ಕಾರಣ ಇದ್ದೇ ಇರುತ್ತದೆ.

ಮುಳ್ಳೇರಿಯ ಭಾವ: ಹಿಮ್ಮಡಿ ಮೊದಲು ಊರುವುದು ಸರಿಯೇ ಅಲ್ವಾ? ನಮ್ಮ ಜಿಮ್‌ನಲ್ಲೂ ಹಾಗೇ ಹೇಳುತ್ತಾರೆ.

ಉಪ್ಪಳ ಅಕ್ಕ: ಸಮ ನೆಲದಲ್ಲಿ ಹೌದು ಭಾವ. ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ನೀವು ಹೇಗೆ ನಡೆಯುತ್ತೀರಿ, ನೆನಪು ಮಾಡಿಕೊಳ್ಳಿ. ಸಣ್ಣ ಹೆಜ್ಜೆ, ಪೂರ್ತಿ ಪಾದ ಒಟ್ಟಿಗೇ ಊರುತ್ತೀರಿ. ಅಲ್ಲಿ ಹಿಮ್ಮಡಿ ಮೊದಲು ಊರಿದರೆ ಜಾರುವುದು ಗ್ಯಾರಂಟಿ. ನೆಲ ಹೇಗಿದೆ, ಎಲ್ಲಿ ನೋಯುತ್ತದೆ, ಯಾವ ಸ್ನಾಯುವಿಗೆ ಬಲ ಇಲ್ಲ, ಇದಕ್ಕೆಲ್ಲ ತಕ್ಕಂತೆ ದೇಹವೇ ನಡಿಗೆ ಬದಲಿಸುತ್ತದೆ. ಕಾರಣ ಹುಡುಕದೆ ನಡಿಗೆ ಮಾತ್ರ ನೇರ ಮಾಡಲು ಹೋದರೆ, ದೇಹ ಕಾಪಾಡಿಕೊಂಡ ಜಾಗಕ್ಕೇ ಪೆಟ್ಟು ಬೀಳುತ್ತದೆ.

ಉಪ್ಪಳ ಅಕ್ಕ: ಇನ್ನು 10,000 ಹೆಜ್ಜೆ. ಆ ಲೆಕ್ಕ ಯಾವ ಆಸ್ಪತ್ರೆಯಿಂದಲೂ ಹುಟ್ಟಿದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾನ್ಪೋಕೆ (ಹತ್ತು ಸಾವಿರ ಹೆಜ್ಜೆಯ ಮೀಟರ್) ಎಂಬ ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ಬಂತು. ಈ ಸಂಖ್ಯೆ ಜನರ ಬಾಯಿಗೆ ಬಂದದ್ದು ಅದರಿಂದ. ಆರೋಗ್ಯವಾಗಿರುವವರು ಬೇಕಾದರೆ ನಡೆಯಲಿ, ಒಳ್ಳೆಯದೇ. ನೋಯುವ ಕಾಲಿಗೆ ಅದನ್ನು ಗುರಿ ಮಾಡಬೇಡಿ.

ಪೆರ್ಲ ಅತ್ತೆ: ಹಾಗಾದರೆ ನಮ್ಮನೆ ಮಾವನದ್ದು? ಅವರು ಎಡಗಾಲು ಎತ್ತೆತ್ತಿ ಹಾಕುತ್ತಾರೆ. ಚಪ್ಪಲಿ ಟಪ್ ಟಪ್ ಅಂತ ಬಡಿಯುತ್ತದೆ. ಎಷ್ಟೋ ಸಲ ಗೊತ್ತಾಗದೆ ಚಪ್ಪಲಿ ಕಳಚಿ ಬಿದ್ದದ್ದೂ ಉಂಟು.

ಉಪ್ಪಳ ಅಕ್ಕ: ಅತ್ತೆ, ಅದು ಬೇರೆ ಕಥೆ. ಪಾದವನ್ನು ಮೇಲಕ್ಕೆ ಎತ್ತುವ ಸ್ನಾಯು ಸೋತಿದೆ ಅನ್ನಿಸುತ್ತದೆ. ಬೆರಳು ನೆಲಕ್ಕೆ ತಾಗಬಾರದು ಅಂತ ಮಾವ ಮಂಡಿ ಎತ್ತುತ್ತಾರೆ. ಪಾದವನ್ನು ಮೆಲ್ಲಗೆ ಇಳಿಸಲಿಕ್ಕೂ ಆಗುವುದಿಲ್ಲ, ಅದಕ್ಕೇ ಟಪ್ ಅನ್ನುವುದು. ಆ ಸ್ನಾಯುವಿಗೆ ಹೋಗುವ ನರ ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಎಲುಬಿಗೆ ಅಂಟಿಕೊಂಡೇ ಹೋಗುತ್ತದೆ. ಅಡಿಕೆ ಸುಲಿಯಲು ಕಾಲು ಮಡಚಿ ಗಂಟೆಗಟ್ಟಲೆ ಕೂತರೂ ಅಲ್ಲಿ ಒತ್ತುತ್ತದೆ. ಬೆನ್ನಿನಿಂದ ಬಂದಿರಬಹುದು, ಸಕ್ಕರೆ ಕಾಯಿಲೆಯಿಂದಲೂ ಇರಬಹುದು. ಚರ್ಮದಲ್ಲಿ ಸ್ಪರ್ಶ ತಿಳಿಯದ ಮಚ್ಚೆ ಇದೆಯಾ ಅಂತಲೂ ನೋಡಿ, ಕುಷ್ಠದಲ್ಲೂ ಹೀಗಾಗುತ್ತದೆ, ಅದಕ್ಕೆ ಒಳ್ಳೆ ಮದ್ದಿದೆ. ಈ ವಾರವೇ ಡಾಕ್ಟರಿಗೆ ತೋರಿಸಿ. ನಾಳೆ ನಿಮಗೆ ಫೋನ್ ಮಾಡುತ್ತೇನೆ.

ಉಪ್ಪಳ ಅಕ್ಕ: ಈಗ ದೊಡ್ಡಮ್ಮನ ವಿಷಯ. ಪುಟ್ಟ ಮನೆಯಲ್ಲಿದ್ದಾನಾ? ಒಂದು ವಿಡಿಯೋ ಬೇಕು. ಚಾವಡಿಯ ಸಮ ನೆಲ, ಬರಿಗಾಲು, ಸೀರೆ ಸ್ವಲ್ಪ ಎತ್ತಿ ಕಟ್ಟಲಿ. ಹಿಂದಿನಿಂದ ಒಂದು, ಬದಿಯಿಂದ ಒಂದು. ನಾಲ್ಕೇ ಹೆಜ್ಜೆ ಸಾಕು, ಯಾರಾದರೂ ಪಕ್ಕದಲ್ಲೇ ಇರಿ. ನೆಟ್ಟಗೆ ನಡೀರಿ ಅಂತ ಯಾರೂ ಹೇಳಬೇಡಿ.

ನೀರ್ಚಾಲು ಪುಟ್ಟ: (ವಿಡಿಯೋ)
(ವಿಡಿಯೋ, ಸ್ಲೋ ಮೋಷನ್)

ಬದಿಯಡ್ಕ ಅಪ್ಪಚ್ಚಿ: ನಾನೂ ನೋಡಿದೆ. ಮಂಡಿಯದ್ದೇ ಅದು. ಕೋಲನ್ನೂ ಬಲಗೈಯಲ್ಲೇ ಹಿಡಿದಿದ್ದಾರೆ, ಬಲಗಾಲು ತಾನೇ ನೋವು. ಕೋಲು ಬಿಡಿಸಿದರೆ ಸರಿಯಾದೀತು.

ಉಪ್ಪಳ ಅಕ್ಕ: ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಎಲ್ಲರೂ ಓದಿ.

ಬಲ ಹಿಮ್ಮಡಿ ನೆಲ ಮುಟ್ಟಿದಲ್ಲಿಂದ ಅದೇ ಹಿಮ್ಮಡಿ ಮತ್ತೆ ನೆಲ ಮುಟ್ಟುವವರೆಗೆ ನಡಿಗೆಯ ಒಂದು ಸುತ್ತು. ಮಾಮೂಲಿ ವೇಗದಲ್ಲಿ ಅದಕ್ಕೆ ಹಿಡಿಯುವುದು ಸುಮಾರು ಒಂದು ಸೆಕೆಂಡ್. ಅದರಲ್ಲಿ ನೂರಕ್ಕೆ ಸುಮಾರು 60 ಪಾಲು ಹೊತ್ತು ಆ ಪಾದ ನೆಲದ ಮೇಲೆ, 40 ಪಾಲು ಗಾಳಿಯಲ್ಲಿ. ಎರಡೂ ಪಾದ ಒಟ್ಟಿಗೆ ನೆಲದಲ್ಲಿರುವುದು ಸುಮಾರು 20 ಪಾಲು ಮಾತ್ರ. ಅಂದರೆ ನಡೆಯುವಾಗ ಹೆಚ್ಚಿನ ಹೊತ್ತು ನಾವು ಒಂಟಿ ಕಾಲಲ್ಲೇ ನಿಂತಿರುತ್ತೇವೆ. ದೊಡ್ಡಮ್ಮನಿಗೆ ಕಷ್ಟ ಆಗುತ್ತಿರುವುದೇ ಅಲ್ಲಿ.

ಸ್ಲೋ ಮೋಷನ್‌ನಲ್ಲಿ ಸೀರೆಯ ಅಂಚು ನೋಡಿ. ಬಲಗಾಲ ಮೇಲೆ ನಿಂತಾಗ ಎಡಗಡೆ ಅಂಚು ಕೆಳಗಿಳಿಯುತ್ತದೆ, ಸೊಂಟ ಎಡಕ್ಕೆ ತಗ್ಗುತ್ತಿದೆ. ಕೂಡಲೇ ಮೈ ಬಲಕ್ಕೆ ವಾಲುತ್ತದೆ. ಎಡಗಾಲನ್ನು ಬೇಗ ಬೇಗ ಊರಿಬಿಡುತ್ತಾರೆ, ಬಲಗಾಲ ಮೇಲೆ ನಿಲ್ಲುವ ಹೊತ್ತು ಕಡಿಮೆ. ಒಂಟಿ ಕಾಲಲ್ಲಿ ನಿಂತಾಗ ಸೊಂಟ ಬೀಳದಂತೆ ಹಿಡಿಯುವುದು ಅದೇ ಕಾಲಿನ ಕಡೆ ಚಪ್ಪೆಯ (ತೊಡೆ ಸೊಂಟಕ್ಕೆ ಸೇರುವ ಜಾಗ) ಹೊರಬದಿಯಲ್ಲಿರುವ ಸ್ನಾಯು. ಅದಕ್ಕೆ ಬಲ ಸಾಲದಿದ್ದರೆ, ಅಥವಾ ಕೀಲಿನಲ್ಲೇ ತೊಂದರೆ ಇದ್ದರೆ ಹೀಗೆ ಆಗುತ್ತದೆ. ಟ್ರೆಂಡೆಲೆನ್‌ಬರ್ಗ್ ಎಂಬ ಜರ್ಮನ್ ಸರ್ಜನ್ 1895ರಲ್ಲೇ ಇದನ್ನು ವಿವರಿಸಿದ್ದಾರೆ, ಈಗಲೂ ಅವರ ಹೆಸರಲ್ಲೇ ಕರೆಯುತ್ತೇವೆ. ಮಂಡಿ ನೋವಿನವರೂ ಸ್ವಲ್ಪ ವಾಲುತ್ತಾರೆ, ನಿಜ. ಆದರೆ ಸೊಂಟ ಇಷ್ಟು ತಗ್ಗುವುದನ್ನು ನೋಡಿದರೆ ನನ್ನ ಅನುಮಾನ ಮೇಲಿನ ಚಪ್ಪೆಯ ಕೀಲಿನ ಮೇಲೆ.

ನೀರ್ಚಾಲು ಅತ್ತಿಗೆ: ಆದರೆ ಸೊಂಟ ನೋವು ಅಂತ ಅತ್ತೆ ಒಮ್ಮೆಯೂ ಹೇಳಿಲ್ಲ. ಮಂಡಿಯನ್ನೇ ಹಿಡಿದು ತೋರಿಸುತ್ತಾರೆ.

ಉಪ್ಪಳ ಅಕ್ಕ: ಅಲ್ಲೇ ಎಲ್ಲರೂ ಮೋಸ ಹೋಗುವುದು ಅತ್ತಿಗೆ. ಕೆಲವು ನರಗಳು ಚಪ್ಪೆಯ ಕೀಲಿಗೂ ಹೋಗುತ್ತವೆ, ಮಂಡಿಗೂ ಹೋಗುತ್ತವೆ. ಹಾಗಾಗಿ ಮೇಲಿನ ಕೀಲಿನ ನೋವು ಮಂಡಿಯಲ್ಲೇ ಕಾಣಿಸಬಹುದು. ಎರಡು ಪ್ರಶ್ನೆ ಕೇಳಿ. ತೊಡೆಸಂದಿಯಲ್ಲಿ ನೋವಿದೆಯಾ? ಬಲಗಾಲಿನ ಉಗುರು ತಾನೇ ಕತ್ತರಿಸಲು ಆಗುತ್ತದೆಯಾ?

ನೀರ್ಚಾಲು ಅತ್ತಿಗೆ: ಕೇಳಿದೆ. ತೊಡೆಸಂದಿಯಲ್ಲಿ ಇದೆಯಂತೆ, ಹೇಳಲು ನಾಚಿಕೆ ಆಯ್ತಂತೆ. ಉಗುರು ಕಳೆದ ವಾರ ನಾನೇ ಕತ್ತರಿಸಿದ್ದು.

ನೀರ್ಚಾಲು ಪುಟ್ಟ: ಉಪ್ಪಳ ಅತ್ತೆ, ಒಂದು ವಿಷಯ. ಚೌತಿಯ ಹಿಂದಿನ ವಾರ ಅಜ್ಜಿ ಹಟ್ಟಿಯಲ್ಲಿ ಜಾರಿ ಬಿದ್ದಿದ್ದರು. ಯಾರಿಗೂ ಹೇಳಬೇಡ ಅಂದಿದ್ದರು. ಎದ್ದು ಹಾಲು ಕರೆದೇ ಒಳಗೆ ಬಂದರು, ಹಾಗಾಗಿ ನಾನೂ ಸುಮ್ಮನಿದ್ದೆ. ಆಮೇಲೂ ಡೈರಿಗೆ ಹಾಲಿನ ಕ್ಯಾನ್ ಅವರೇ ಕೊಂಡು ಹೋಗುತ್ತಿದ್ದಾರೆ, ಎಡಗೈಯಲ್ಲಿ.

ಉಪ್ಪಳ ಅಕ್ಕ: ಪುಟ್ಟ, ಈಗ ಹೇಳಿದೆಯಲ್ಲ, ಅದೇ ಮುಖ್ಯ. ಅತ್ತಿಗೆ, ಇನ್ನು ದೊಡ್ಡಮ್ಮ ಒಂದು ಹೆಜ್ಜೆಯೂ ನಡೆಯಬಾರದು. ಎಣ್ಣೆ ತಿಕ್ಕಬೇಡಿ, ಕಾಲು ತಿರುಗಿಸಿ ನೋಡಬೇಡಿ. ತೊಡೆ ಎಲುಬಿನ ಕುತ್ತಿಗೆಯಲ್ಲಿ ಬಿರುಕು ಬಿಟ್ಟಿದ್ದರೂ, ತುಂಡುಗಳು ಒಂದಕ್ಕೊಂದು ಕಚ್ಚಿಕೊಂಡಿದ್ದರೆ ಕೆಲವರು ನಡೆಯುತ್ತಲೇ ಇರುತ್ತಾರೆ. ಅದು ಸರಿದರೆ ಎಲುಬಿನ ತಲೆಗೆ ರಕ್ತ ಹೋಗುವುದೇ ನಿಲ್ಲಬಹುದು. ಬಿರುಕು ಇಲ್ಲದೆಯೂ ಇರಬಹುದು, ಬರೀ ಸವೆತ ಇರಬಹುದು. ಆದರೆ ಎಕ್ಸ್‌ರೇ ನೋಡದೆ ಹೆಜ್ಜೆ ಹಾಕಿಸುವ ಮಾತೇ ಬೇಡ.

ಬದಿಯಡ್ಕ ಅಪ್ಪಚ್ಚಿ: ಬಿದ್ದದ್ದು ನನಗೆ ಗೊತ್ತಿರಲಿಲ್ಲ. ಆದರೂ ಕೋಲಿನ ಬಗ್ಗೆ ನನ್ನ ಮಾತು ಅದೇ. ಒಮ್ಮೆ ಹಿಡಿದರೆ ಬಿಡಲಾಗುವುದಿಲ್ಲ.

ಉಪ್ಪಳ ಅಕ್ಕ: ಅಪ್ಪಚ್ಚಿ, ಸ್ನಾಯುವಿಗೆ ಕೆಲಸ ಕೊಡದಿದ್ದರೆ ಸೊರಗುತ್ತದೆ ಅನ್ನುವಷ್ಟು ನಿಮ್ಮ ಮಾತು ನಿಜ. ಅದಕ್ಕೆ ಬೇರೆ ವ್ಯಾಯಾಮ ಇದೆ, ಕಾರಣ ಗೊತ್ತಾದ ಮೇಲೆ ನಾನೇ ಬಂದು ಮಾಡಿಸುತ್ತೇನೆ. ಕೋಲು ತಪ್ಪಲ್ಲ, ಹಿಡಿದ ಕೈ ತಪ್ಪು. ಒಂಟಿ ಕಾಲಲ್ಲಿ ನಿಂತಾಗ ಆ ಚಪ್ಪೆಯ ಕೀಲಿಗೆ ದೇಹದ ತೂಕದ ಸುಮಾರು 2.5ರಿಂದ 3 ಪಟ್ಟು ಭಾರ ಬೀಳುತ್ತದೆ. ಸ್ನಾಯು ಕೀಲಿಗೆ ತೀರಾ ಹತ್ತಿರ ಇರುವುದರಿಂದ ಜಾಸ್ತಿ ಎಳೆಯಬೇಕಾಗುತ್ತದೆ, ಆ ಎಳೆತವೂ ಕೀಲಿನ ಮೇಲೇ ಬೀಳುತ್ತದೆ. ಕೋಲು ಎಡಗೈಯಲ್ಲಿದ್ದರೆ ಕೀಲಿನಿಂದ ದೂರ ಇರುತ್ತದೆ. ಅಲ್ಲಿ ಸ್ವಲ್ಪವೇ ಒತ್ತಿದರೂ ಎಡಕ್ಕೆ ಬೀಳುವ ಸೊಂಟಕ್ಕೆ ದೊಡ್ಡ ಆಧಾರ, ಸ್ನಾಯುವಿನ ಕೆಲಸ ಕಡಿಮೆ. ನೋವು ಬಲಗಡೆ ಇದ್ದರೆ ಕೋಲು ಎಡಗೈಗೆ. ಹಾಲಿನ ಕ್ಯಾನ್ ಇದಕ್ಕೆ ಉಲ್ಟಾ. ಎಡಗೈಯಲ್ಲಿ ಭಾರ ಹಿಡಿದರೆ ಬಲ ಚಪ್ಪೆಗೆ ಇನ್ನೂ ಕಷ್ಟ. ಪಾಪ, ದೊಡ್ಡಮ್ಮ ಎರಡನ್ನೂ ತಪ್ಪು ಕೈಯಲ್ಲಿ ಹಿಡಿದು ಇಷ್ಟು ದಿನ ನಡೆದಿದ್ದಾರೆ.

ಮುಳ್ಳೇರಿಯ ಭಾವ: ನಾಳೆ ಬೆಳಿಗ್ಗೆ 7 ಗಂಟೆಗೆ ಕಾರು ತರುತ್ತೇನೆ, ಮಂಗಳೂರಿಗೆ ಹೋಗೋಣ. ಏನಂತ ಹೇಳಬೇಕು ಅಲ್ಲಿ?

ಉಪ್ಪಳ ಅಕ್ಕ: ಮಂಡಿ ನೋವು ಅಂತ ಶುರು ಮಾಡಬೇಡಿ ಭಾವ, ಮಂಡಿಯ ಎಕ್ಸ್‌ರೇ ಮಾತ್ರ ತೆಗೆದು ಕಳಿಸಿಯಾರು. ಬಿದ್ದದ್ದು, ತೊಡೆಸಂದಿ ನೋವು, ಆಮೇಲೆ ನಡಿಗೆ ಬದಲಾದದ್ದು, ಇಷ್ಟನ್ನು ಮೊದಲು ಹೇಳಿ. ಎರಡೂ ಚಪ್ಪೆ ಕಾಣುವ ಎಕ್ಸ್‌ರೇ ಬೇಕು. ಅದರಲ್ಲಿ ಏನೂ ಇಲ್ಲ ಅಂದರೂ ಸಣ್ಣ ಬಿರುಕು ತಪ್ಪಿಹೋಗುವುದುಂಟು, ಎಂ.ಆರ್.ಐ. ಅಥವಾ ಸಿ.ಟಿ. ಬೇಕಾ ಅಂತ ಕೇಳಿ. ಪುಟ್ಟನ ವಿಡಿಯೋ ನಿಮ್ಮ ಫೋನಲ್ಲಿ ಇಟ್ಟುಕೊಳ್ಳಿ, ಡಾಕ್ಟರಿಗೆ ತೋರಿಸಿ. ನಾನು ಉಪ್ಪಳದಲ್ಲಿ ಹತ್ತಿಕೊಳ್ಳುತ್ತೇನೆ.

ನೀರ್ಚಾಲು ಅತ್ತಿಗೆ: ಅಂಗಳದಿಂದ ರಸ್ತೆಗೆ ಮೆಟ್ಟಿಲು ಇದೆಯಲ್ಲ, ಹೇಗೆ ಇಳಿಸುವುದು?

ಉಪ್ಪಳ ಅಕ್ಕ: ಕೈ ಇರುವ ಗಟ್ಟಿ ಕುರ್ಚಿಯಲ್ಲಿ ಕೂರಿಸಿ ಎತ್ತಿ ತನ್ನಿ. ಮರದ್ದಾದರೆ ಒಳ್ಳೆಯದು, ಪ್ಲಾಸ್ಟಿಕ್ ಬೇಡ. ಬಲಗಾಲು ನೇತಾಡದಂತೆ ಒಬ್ಬರು ಹಿಡಿಯಬೇಕು.

ಬದಿಯಡ್ಕ ಅಪ್ಪಚ್ಚಿ: ನಮ್ಮ ಚಾವಡಿಯ ಮರದ ಕುರ್ಚಿ ತರುತ್ತೇನೆ. ಆರೂವರೆಗೆ ಅಲ್ಲಿರುತ್ತೇನೆ. ಪುಟ್ಟ, ಒಂದು ಕಡೆ ನೀನು ಹಿಡಿ.

ನೀರ್ಚಾಲು ಪುಟ್ಟ: ಸರಿ ಅಜ್ಜ. ಮೆಟ್ಟಿಲಿನ ಪಾಚಿ ಈಗಲೇ ಕೆರೆದು ಸೋಗೆ ಹಾಸುತ್ತೇನೆ. ಹಾಲಿನ ಕ್ಯಾನ್ ನಾಳೆಯಿಂದ ನಾನು ಕೊಂಡು ಹೋಗುತ್ತೇನೆ.