ಗ್ಯಾರೇಜಿನ ವೇಸ್ಟ್ ಆಯಿಲ್, ಹಳೇ ಕೂಲಂಟ್ ಎಲ್ಲಾ ಯಾರಿಗೆ ಕೊಡುತ್ತೀರಿ?

ತುಮಕೂರು_ಸ್ಪ್ಯಾನರ್:
ನಮ್ಮದು ಚಿಕ್ಕ ಗ್ಯಾರೇಜ್. ಬೈಕ್ ಜಾಸ್ತಿ, ಕಾರು ಆಗೊಂದು ಈಗೊಂದು. ವೇಸ್ಟ್ ಆಯಿಲನ್ನು ಸೆಂಟ್ರಿಂಗ್‌ನವರು ಕಾಂಕ್ರೀಟ್ ಅಂಟದ ಹಾಗೆ ಶೀಟಿಗೆ ಬಳಿಯೋಕೆ ಅಂತ ಕ್ಯಾನ್ ತಂದು, ದುಡ್ಡು ಕೊಟ್ಟು ಒಯ್ಯುತ್ತಾರೆ. ಮಿಕ್ಕಿದ್ದು ಚರಂಡಿ ಪಾಲು. ಈಗ ಪಕ್ಕದ ಮನೆಯವರು ಗಲಾಟೆ ಶುರು ಮಾಡಿದ್ದಾರೆ, ಅವರದ್ದೂ ತಪ್ಪಿಲ್ಲ ಬಿಡಿ. ಆಯಿಲ್, ಇಂಜಿನ್ ತಂಪು ಮಾಡುವ ಕೂಲಂಟ್, ಬ್ರೇಕ್ ಆಯಿಲ್, ಕಾರ್ಬುರೇಟರ್ ತೊಳೆದ ಪೆಟ್ರೋಲ್ ಎಲ್ಲಾ ಒಂದೇ ಡ್ರಮ್‌ಗೆ ಹಾಕಿಟ್ಟರೆ ಯಾರಾದರೂ ತಗೊಳ್ತಾರಾ?

ಆಯಿಲ್‌ಕೈ:
ಒಂದೇ ಡ್ರಮ್ ಬೇಡವೇ ಬೇಡ ಗುರು. ಇಂಜಿನ್ ಆಯಿಲ್, ಗೇರ್ ಆಯಿಲ್ ಒಟ್ಟಿಗಿದ್ದರೆ ಪರವಾಗಿಲ್ಲ, ಅದನ್ನು ಶುದ್ಧ ಮಾಡಿ ಮತ್ತೆ ಆಯಿಲ್ ಮಾಡುವವರಿದ್ದಾರೆ. ಅದಕ್ಕೆ ಕೂಲಂಟೋ ಥಿನ್ನರೋ ಬಿತ್ತು ಅಂದ್ರೆ ಇಡೀ ಡ್ರಮ್ ಯಾರಿಗೂ ಬೇಡ. ಪೆಟ್ರೋಲ್ ಸೇರಿಸಿದರೆ ಬೆಂಕಿ ಪಕ್ಕದಲ್ಲೇ ಕೂತ ಹಾಗೆ. ಕೂಲಂಟನ್ನು ತೆರೆದ ಟ್ರೇಯಲ್ಲಿ ಬಿಡಲೇಬೇಡಿ, ಅದು ಸಿಹಿ ಇರುತ್ತೆ, ಬೀದಿ ನಾಯಿ ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತೆ. ಕಾರಿನ ಆಯಿಲ್ ಫಿಲ್ಟರ್‌ನ ತಲೆಗೆ ಬಿಸಿ ಇರುವಾಗಲೇ ತೂತು ಹೊಡೆದು ರಾತ್ರಿಯಿಡೀ ಬೋರಲು ಹಾಕಿ, ಒಳಗೆ ಎಷ್ಟು ಆಯಿಲ್ ನಿಂತಿರುತ್ತೆ ಅಂತ ನೀವೇ ನೋಡುತ್ತೀರಿ.

ಕಾಗದಪತ್ರ:
ಸೆಂಟ್ರಿಂಗ್‌ನವರಿಗೆ ಕೊಡೋದನ್ನ ಮೊದಲು ನಿಲ್ಲಿಸಿ. ಆ ಶೀಟ್ ಹಿಡಿಯುವ ಹುಡುಗರ ಕೈ ನೋಡಿದ್ದೀರಾ? ಮೊಣಕೈವರೆಗೂ ಕಪ್ಪು. ಬಳಸಿದ ಆಯಿಲ್‌ನಲ್ಲಿ ಸವೆದ ಲೋಹದ ಪುಡಿ, ಕ್ಯಾನ್ಸರ್ ತರುವಂಥ ವಸ್ತು ಎಲ್ಲಾ ಇರುತ್ತೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಅದು ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇದ್ದವರಿಗೇ ಹೋಗಬೇಕು. ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ಫಾರಂ 3ರಲ್ಲಿ ಲೆಕ್ಕ ಬರೆಯಿರಿ, ಲೋಡ್ ಹೋಗುವಾಗ ಫಾರಂ 10ರ, ಅಂದ್ರೆ ಸಾಗಣೆ ಚೀಟಿಯ, ಪ್ರತಿ ಕೇಳಿ ಇಟ್ಟುಕೊಳ್ಳಿ. ನಾಳೆ ಯಾರಾದರೂ ಬಂದು ಕೇಳಿದರೆ ತೋರಿಸೋಕೆ ಅದೇ ಇರೋದು.

ಹಾಸನ_ಬುಲೆಟ್:
ಹೇಳೋದು ಸುಲಭ ಸಾರ್. ನನ್ನ ಅರ್ಧ ಡ್ರಮ್‌ಗೆ ಯಾರು ಲಾರಿ ಕಳಿಸ್ತಾರೆ? ಸೆಂಟ್ರಿಂಗ್‌ನವನು ಫೋನ್ ಮಾಡಿದರೆ ಸಂಜೆಗೇ ಬರ್ತಾನೆ, ಕೈಗೆ ಕಾಸೂ ಇಡ್ತಾನೆ.

ಕಾಗದಪತ್ರ:
ನಿಜ, ಆ ಕಷ್ಟ ಇದೆ. ಒಂದೇ ರಸ್ತೆಯ ಗ್ಯಾರೇಜ್‌ನವರು ಮಾತಾಡಿಕೊಂಡು ಗಾಡಿಯನ್ನು ಒಂದೇ ದಿನ ಕರೆಸಿ. ಆದರೆ ಎಲ್ಲರ ಆಯಿಲನ್ನೂ ಒಬ್ಬರ ಶೆಡ್‌ನಲ್ಲಿ ಕೂಡಿ ಹಾಕಬೇಡಿ, ಅದಕ್ಕೆ ಬೇರೆ ಪರವಾನಗಿ ಬೇಕಾಗುತ್ತೆ, ಸುಮ್ನೆ ತಲೆನೋವು.

ತುಮಕೂರು_ಸ್ಪ್ಯಾನರ್:
ಸರಿ, ನಮ್ಮ ರಸ್ತೆಯವರನ್ನ ಕೇಳ್ತೀನಿ. ಹಳೇ ಬ್ಯಾಟರಿ ಗುಜರಿಗೆ ಹಾಕಬಹುದಲ್ವಾ? ಮತ್ತೆ ಎಣ್ಣೆ ಒರೆಸಿದ ಬನಿಯನ್ ವೇಸ್ಟು? ಹುಡುಗರು ಸಂಜೆ ಸುಟ್ಟುಬಿಡ್ತಾರೆ.

ಆಯಿಲ್‌ಕೈ:
ಗುಜರಿಯವನು ಬ್ಯಾಟರಿ ಒಡೆದು ಆಸಿಡ್ಡನ್ನು ಮೋರಿಗೆ ಚೆಲ್ಲಿ ಸೀಸ ಮಾತ್ರ ಎತ್ತಿಕೊಳ್ತಾನೆ. ಹೊಸದು ತರುವಾಗ ಡೀಲರ್‌ಗೇ ವಾಪಸ್ ಕೊಡಿ, ಬೆಲೆಯಲ್ಲಿ ಕಳೆಯುತ್ತಾರೆ. ಬಟ್ಟೆ ಸುಡೋದು ಬೇಡ. ಮುಚ್ಚಳ ಇರುವ ತಗಡಿನ ಡಬ್ಬದಲ್ಲಿ ಹಾಕಿಡಿ, ನೆಲದ ಎಣ್ಣೆ ಹೀರಿದ ಮರದ ಹೊಟ್ಟು ಕೂಡ ಅದರಲ್ಲೇ. ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಘಟಕ ನಿಮಗೆ ಹತ್ತಿರ, ಅಲ್ಲಿಗೆ ಕಳಿಸೋದು ಹೇಗೆ ಅಂತ ಮಂಡಳಿಯ ತುಮಕೂರು ಕಚೇರಿಯಲ್ಲಿ ವಿಚಾರಿಸಿ.